ಪುಣೆಗೆ ಹೋದರೆ ಫ್ಲಾಟಿನಲ್ಲೇ ಕೂರಬೇಡಿ, ನಡೆದು ನೋಡಿ!



ನಮ್ಮ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಇಂದು ಪುಣೆಯಲ್ಲಿದ್ದಾರೆ. ಒಬ್ಬರು ಹಿಂಜವಡಿಯಲ್ಲಿ ಸಾಫ್ಟ್‌ವೇರ್, ಇನ್ನೊಬ್ಬರು ಚಾಕಣದಲ್ಲಿ ಕಾರ್ಖಾನೆ, ಮತ್ತೊಬ್ಬರು ಖರಾಡಿಯಲ್ಲಿ ಬ್ಯಾಂಕು. ವರ್ಷಕ್ಕೊಮ್ಮೆ ಅಪ್ಪ-ಅಮ್ಮ ಮೊಮ್ಮಕ್ಕಳನ್ನು ನೋಡಲು ಹೋಗುತ್ತಾರೆ. ಒಂದು ತಿಂಗಳು, ಕೆಲವೊಮ್ಮೆ ಮೂರು ತಿಂಗಳು ಇರುತ್ತಾರೆ.

ಅಲ್ಲಿ ಆಗುವುದೇನು? ಮಗ-ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಕ್ಕಳು ಶಾಲೆಗೆ. ಊರಲ್ಲಿ ಹೊಲ, ಗುಡಿ, ಸಂತೆ ಎಂದು ದಿನಕ್ಕೆ ನಾಲ್ಕು ಸಲ ಓಡಾಡುತ್ತಿದ್ದ ಜೀವ ಹನ್ನೆರಡನೇ ಮಹಡಿಯ ಸೋಫಾದ ಮೇಲೆ ಟಿವಿ ನೋಡುತ್ತಾ ಕೂರುತ್ತದೆ. ಮರಾಠಿ ಬಾರದೆಂಬ ಸಂಕೋಚದಿಂದ ಲಿಫ್ಟ್ ಇಳಿಯುವುದೇ ಇಲ್ಲ. ಊರಿಗೆ ಮರಳುವಾಗ ಶುಗರ್ ಏರಿರುತ್ತದೆ, ಮೊಣಕಾಲು ಹಿಡಿದಿರುತ್ತದೆ, ಮನಸ್ಸು ಮಂಕಾಗಿರುತ್ತದೆ.

ಇದಕ್ಕೆ ಮದ್ದು ಆ ಊರಿನಲ್ಲೇ ಇದೆ. ಯುರೋಪಿನಲ್ಲಿ ಜನರು ಆರೋಗ್ಯಕ್ಕೆಂದೇ ಪ್ರವಾಸ ಹೋಗುತ್ತಾರೆ. ಇಟಲಿಯ ತಸ್ಕನಿ ಪ್ರಾಂತ್ಯದ ಮೊಂತೆಕಾತಿನಿ ಎಂಬ ಬುಗ್ಗೆಗಳ ಪಟ್ಟಣ ಇಂಥ ಪ್ರವಾಸಕ್ಕೇ ಹೆಸರುವಾಸಿ. ನಮಗೆ ಅಷ್ಟು ದೂರದ ಖರ್ಚು ಬೇಡ. ಪುಣೆಯ ಗುಡ್ಡ, ಗುಹೆ, ಪೇಠೆ, ಅರಮನೆಗಳನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ನಡೆದು ನೋಡಿದರೆ ಸಾಕು. ನಮ್ಮ ಆರೋಗ್ಯ ಮಾಲಿಕೆಯ ಈ ಕಂತಿನಲ್ಲಿ ಅದನ್ನೇ ತಿಳಿಯೋಣ.

*ಮೊದಲು ಹವೆ ತಿಳಿಯಿರಿ*

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಸಹ್ಯಾದ್ರಿಯ ಪೂರ್ವದ ಮಗ್ಗುಲಲ್ಲಿ ಇರುವುದರಿಂದ ಕೊಂಕಣದಷ್ಟು ಮಳೆಯೂ ಇಲ್ಲ, ಮುಂಬಯಿಯಷ್ಟು ಬೆವರೂ ಇಲ್ಲ. ಧಾರವಾಡದವರಿಗೆ ಈ ಹವೆ ಹೊಸದೆನಿಸುವುದಿಲ್ಲ.

ನವೆಂಬರಿನಿಂದ ಫೆಬ್ರವರಿವರೆಗೆ ಓಡಾಟಕ್ಕೆ ಒಳ್ಳೆಯ ಕಾಲ. ಆದರೆ ಬೆಳಗಿನ ಜಾವ ಚಳಿ ಹೆಚ್ಚು. ಅಸ್ತಮಾ, ಹೃದಯದ ತೊಂದರೆ ಇರುವವರು ಸೂರ್ಯ ಮೇಲೆ ಬಂದ ಮೇಲೆ, ಕಿವಿ ಎದೆ ಮುಚ್ಚಿಕೊಂಡು ಹೊರಡಿ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಆಗ ಬೆಳಿಗ್ಗೆ 9ರೊಳಗೆ ಅಥವಾ ಸಂಜೆ 5ರ ನಂತರ ಮಾತ್ರ ನಡೆಯಿರಿ. ಮಳೆಗಾಲದಲ್ಲಿ ಗುಡ್ಡಗಳು ಹಸಿರಾಗಿ ಚೆಂದ ಕಾಣುತ್ತವೆ, ಕಲ್ಲುಗಳು ಮಾತ್ರ ಪಾಚಿಯಿಂದ ಜಾರುತ್ತವೆ. ಅರವತ್ತು ದಾಟಿದವರು ಆಗ ಗುಡ್ಡ ಬಿಟ್ಟು ಸಪಾಟು ರಸ್ತೆ ಹಿಡಿಯುವುದು ಕ್ಷೇಮ.

ಇನ್ನೊಂದು ಮಾತು. ಪುಣೆಯ ಮುಳಾ-ಮುಠಾ ನದಿ ಭೀಮೆಯನ್ನು ಸೇರುತ್ತದೆ. ಭೀಮಾ ನದಿ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಅಲ್ಲಿಂದ ಪಂಢರಪುರ ಹಾಯ್ದು, ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿ ನೆಲವನ್ನು ತೋಯಿಸಿ, ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತದೆ. ಅಂದರೆ ನೀವು ಹೋಗುತ್ತಿರುವುದು ಪರಸ್ಥಳಕ್ಕಲ್ಲ, ನಿಮ್ಮ ಹೊಳೆಯ ತವರಿಗೆ. ಸಂಕೋಚ ಬಿಡಿ.

*ಮೊದಲ ದಿನದ ನಡಿಗೆ: ಪಾತಾಳೇಶ್ವರ*

ಪುಣೆಯ ಹಳೆಯ ಹೆಸರು ಸಿಗುವುದು ಕನ್ನಡ ನಾಡಿನ ಅರಸರ ದಾಖಲೆಯಲ್ಲಿ ಎಂದರೆ ಆಶ್ಚರ್ಯವೇ? ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಕ್ರಿ.ಶ. 758 ಮತ್ತು 768ರ ತಾಮ್ರಪಟಗಳಲ್ಲಿ ಈ ಸೀಮೆಗೆ ‘ಪುಣ್ಯ ವಿಷಯ’, ‘ಪುಣಕ ವಿಷಯ’ ಎಂಬ ಹೆಸರಿದೆ. ಮುಂದೆ ಮಳಖೇಡವನ್ನು ರಾಜಧಾನಿ ಮಾಡಿಕೊಂಡ ಅದೇ ಮನೆತನ. ಎಲ್ಲೋರದ ಕೈಲಾಸ ದೇವಾಲಯ ಕೂಡ ಈ ಕೃಷ್ಣನ ಕಾಲದ್ದೇ.

ಅದೇ ರಾಷ್ಟ್ರಕೂಟರ ಕಾಲದ ಪಾತಾಳೇಶ್ವರ ಗುಹಾಲಯ ಪುಣೆಯ ನಡುಮಧ್ಯೆ, ಜಂಗಲಿ ಮಹಾರಾಜ ರಸ್ತೆಯಲ್ಲಿದೆ. ಒಂದೇ ಬಂಡೆಯಲ್ಲಿ ಕೊರೆದ ಶಿವಾಲಯ, ಮುಂದೆ ದುಂಡನೆಯ ನಂದಿ ಮಂಟಪ. ಹೊರಗೆ ವಾಹನಗಳ ಗದ್ದಲ, ಒಳಗೆ ತಂಪು, ಮೌನ. ಹೆಚ್ಚು ಹತ್ತಬೇಕಾಗಿಲ್ಲ. ಹೊಸ ಊರಿಗೆ ಬಂದ ಮೊದಲ ದಿನ ದೇಹ ದಣಿದಿರುತ್ತದೆ. ಇಲ್ಲಿಗೆ ಬಂದು ಒಂದು ಕಂಬಕ್ಕೆ ಒರಗಿ ಕುಳಿತು ಐದು ನಿಮಿಷ ನಿಧಾನ ಉಸಿರಾಡಿ. ಉಸಿರು ಒಳಗೆ ತೆಗೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಸ್ವಲ್ಪ ದೀರ್ಘವಾಗಿರಲಿ. ಪ್ರಯಾಣದ ಆಯಾಸ ಇಳಿಯುತ್ತದೆ.

*ಪೇಠೆಯ ನಡಿಗೆ, ಪ್ಲೇಗಿನ ಪಾಠ*

ಎರಡನೆಯ ದಿನ ಹಳೆಯ ಪೇಠೆಗೆ ಹೋಗಿ. ಒಂದನೇ ಬಾಜೀರಾಯ ಪೇಶ್ವೆ ಕಟ್ಟಿಸಿದ ಶನಿವಾರವಾಡಾ 1732ರಲ್ಲಿ ಪೂರ್ಣವಾಯಿತು. 1828ರ ಬೆಂಕಿಯಲ್ಲಿ ಒಳಗಿನ ಮಹಲುಗಳು ಸುಟ್ಟುಹೋಗಿ, ಕೋಟೆಗೋಡೆ, ದೊಡ್ಡ ಬಾಗಿಲು, ತಳಪಾಯಗಳು ಉಳಿದಿವೆ. ಅಲ್ಲಿಂದ ಲಾಲ್ ಮಹಲ್, ಕಸಬಾ ಗಣಪತಿ, ದಗಡೂಶೇಠ್ ಗಣಪತಿ, ಮಂಡಈ ಎಂಬ ಹಳೆಯ ತರಕಾರಿ ಪೇಟೆ. ಎಲ್ಲವೂ ನಡೆಯುವಷ್ಟು ಹತ್ತಿರ. ಒಂದೇ ಉಸಿರಿಗೆ ಮುಗಿಸದೆ, ಅಲ್ಲಲ್ಲಿ ಕೂತು ನೋಡಿ.

ದಗಡೂಶೇಠ್ ಗುಡಿಯ ಎದುರಿಗೇ ಭಿಡೆವಾಡಾ ಇತ್ತು. ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜಾಗ ಅದು. ಗಂಜ್ ಪೇಠೆಯಲ್ಲಿ ಅವರ ಮನೆ ಫುಲೆವಾಡಾ ಇಂದಿಗೂ ಇದೆ, ನೋಡಲೇಬೇಕು. ಯಾರೂ ನೀರು ಕೊಡದವರಿಗೆ ಅವರು 1868ರಲ್ಲಿ ತಮ್ಮ ಮನೆಯ ನೀರಿನ ಹೌದನ್ನು ತೆರೆದಿಟ್ಟರು. ಶುದ್ಧ ನೀರು ಎಲ್ಲರ ಹಕ್ಕು ಎಂಬುದು ಆರೋಗ್ಯದ ಮೊದಲ ಪಾಠವಲ್ಲವೇ?

1897ರಲ್ಲಿ ಪುಣೆಗೆ ಪ್ಲೇಗ್ ಬಡಿಯಿತು. ಸರ್ಕಾರ ಪ್ಲೇಗ್ ಅಧಿಕಾರಿಯಾಗಿ ರ‍್ಯಾಂಡ್ ಎಂಬವನನ್ನು ನೇಮಿಸಿತು. ಸಿಪಾಯಿಗಳು ಮನೆಮನೆಗೆ ನುಗ್ಗಿ ತಪಾಸಣೆ ಮಾಡಿದರು, ಸಾಮಾನು ಸುಟ್ಟರು. ಜನ ರೋಗಕ್ಕಿಂತ ತಪಾಸಣೆಗೇ ಹೆದರಿ ರೋಗಿಗಳನ್ನು ಬಚ್ಚಿಟ್ಟರು. ಕೊನೆಗೆ ಆ ವರ್ಷ ಜೂನ್ 22ರಂದು ಚಾಪೇಕರ್ ಸಹೋದರರು ರ‍್ಯಾಂಡನಿಗೆ ಗುಂಡು ಹೊಡೆದರು.

ಅದೇ ಊರಲ್ಲಿ, ಅದೇ ಪ್ಲೇಗಿನಲ್ಲಿ, ಸಾವಿತ್ರಿಬಾಯಿ ಬೇರೆಯೇ ದಾರಿ ಹಿಡಿದರು. ಅವರ ದತ್ತುಮಗ ಡಾಕ್ಟರ್ ಯಶವಂತ ಊರ ಹೊರಗೆ ಚಿಕಿತ್ಸಾ ಕೇಂದ್ರ ತೆರೆದರು. ಅರವತ್ತು ದಾಟಿದ್ದ ಸಾವಿತ್ರಿಬಾಯಿ ರೋಗಿಗಳನ್ನು ತಾವೇ ಕರೆತಂದರು. ಪ್ಲೇಗ್ ತಗುಲಿದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದರು. ಅವರಿಗೂ ರೋಗ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು.

ಈ ಎರಡು ಘಟನೆಗಳನ್ನು ಒಟ್ಟಿಗೆ ನೆನೆಯಿರಿ. ಸಾಂಕ್ರಾಮಿಕ ಬಂದಾಗ ರೋಗಿಯನ್ನು ಬೇರೆ ಇಡಬೇಕು, ಅದು ಸತ್ಯ. ಆದರೆ ಹೆದರಿಸಿದರೆ ರೋಗ ಅಡಗುತ್ತದೆ, ನಂಬಿಕೆ ಕೊಟ್ಟರೆ ರೋಗಿ ತಾನೇ ಬರುತ್ತಾನೆ. ಕೋವಿಡ್ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರೋಗಾಣುಗಳನ್ನು ಅರಿಯುವ ಕೆಲಸ ಪುಣೆಯಲ್ಲಿ ಮುಂದೆಯೂ ನಡೆಯಿತು. 1952ರಲ್ಲಿ ಇಲ್ಲಿ ಆರಂಭವಾದ ವೈರಸ್ ಸಂಶೋಧನಾ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಆ ಕಾಯಿಲೆಯ ವೈರಸ್ಸನ್ನು ಗುರುತಿಸಿದವರು ಇಲ್ಲಿನ ವಿಜ್ಞಾನಿಗಳು. ನಮ್ಮ ಮಲೆನಾಡಿನ ‘ಮಂಗನ ಕಾಯಿಲೆ’ಗೂ ಪುಣೆಗೂ ಇಂಥ ನಂಟಿದೆ.

*ಗುಡ್ಡ ಹತ್ತುವುದು: ಎಷ್ಟು, ಹೇಗೆ?*

ಪುಣೆಯವರು ಗುಡ್ಡಕ್ಕೆ ‘ಟೇಕಡಿ’ ಎನ್ನುತ್ತಾರೆ. ಬೆಳಗಾದರೆ ವೇತಾಳ ಟೇಕಡಿ, ಹನುಮಾನ್ ಟೇಕಡಿ, ಪರ್ವತಿಗಳಲ್ಲಿ ಅಜ್ಜ-ಅಜ್ಜಿಯರ ಸಾಲು. ಊರಿನ ಒಳ್ಳೆಯ ರೂಢಿಗಳಲ್ಲಿ ಇದೂ ಒಂದು. ನಾಲ್ಕು ದಿನ ಹೋದರೆ ಮುಖಪರಿಚಯವಾಗುತ್ತದೆ, ಭಾಷೆ ಅಡ್ಡ ಬರುವುದಿಲ್ಲ.

ಪರ್ವತಿಯಿಂದ ಆರಂಭಿಸಿ. ನಾನಾಸಾಹೇಬ ಪೇಶ್ವೆ ಕಟ್ಟಿಸಿದ ದೇವಸ್ಥಾನ, 103 ಅಗಲವಾದ ಮೆಟ್ಟಿಲು. ಮೇಲೆ ನಿಂತರೆ ಇಡೀ ಪುಣೆ ಕಾಣುತ್ತದೆ. ಮೆಟ್ಟಿಲು ಹತ್ತುವಾಗ ಈ ನಿಯಮ ಪಾಲಿಸಿ:

1. ಹತ್ತುತ್ತಾ ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಮಾತನಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತು, ನಿಲ್ಲಿ.
2. ಇಪ್ಪತ್ತು ಮೆಟ್ಟಿಲಿಗೊಮ್ಮೆ ಒಂದು ನಿಮಿಷ ನಿಲ್ಲುವುದು ಸೋಲಲ್ಲ.
3. ಮೊಣಕಾಲು ನೋವು ಹತ್ತುವಾಗಿಗಿಂತ ಇಳಿಯುವಾಗ ಹೆಚ್ಚು. ಇಳಿಯುವಾಗ ಕೋಲು ಅಥವಾ ಕಟಾಂಜನ ಹಿಡಿಯಿರಿ. ನೋವು ಹೆಚ್ಚಿರುವ ಕಾಲನ್ನು ಮೊದಲು ಕೆಳಗಿಡಿ.
4. ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು ಬಂದರೆ ಅದನ್ನು ‘ಗ್ಯಾಸು’ ಎಂದುಕೊಳ್ಳಬೇಡಿ. ಅಲ್ಲೇ ಕುಳಿತು 108ಕ್ಕೆ ಫೋನ್ ಮಾಡಿಸಿ.

ಪರ್ವತಿ ಸಲೀಸಾದ ಮೇಲೆ ಸಿಂಹಗಡ. ನಗರದಿಂದ ಸುಮಾರು 30 ಕಿಲೋಮೀಟರ್, ಸಮುದ್ರಮಟ್ಟದಿಂದ 1,300 ಮೀಟರ್ ಎತ್ತರ. 1670ರಲ್ಲಿ ತಾನಾಜಿ ಮಾಲುಸರೆ ರಾತ್ರೋರಾತ್ರಿ ಕೋಟೆ ಹತ್ತಿ, ಗೆದ್ದು, ಪ್ರಾಣ ಬಿಟ್ಟ ಜಾಗ. ಕೋಟೆಯ ಹತ್ತಿರದವರೆಗೆ ವಾಹನ ಹೋಗುತ್ತದೆ. ಮೊಮ್ಮಕ್ಕಳು ಕೆಳಗಿನಿಂದ ನಡೆದು ಹತ್ತಲಿ, ನೀವು ಗಾಡಿಯಲ್ಲಿ ಹೋಗಿ ಮೇಲೆ ನಿಧಾನ ತಿರುಗಾಡಿ. ಇತಿಹಾಸ ಇಬ್ಬರಿಗೂ ಒಂದೇ.

*ಬೆಳ್ಳೂರಿನಿಂದ ಬಂದ ರೋಗಿಷ್ಠ ಹುಡುಗ*

ಪುಣೆಯ ಮಾಡೆಲ್ ಕಾಲನಿಯಲ್ಲಿ ಒಂದು ಯೋಗಶಾಲೆ ಇದೆ. ಹೆಸರು ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ, ಆರಂಭ 1975. ದೇಶವಿದೇಶದವರು ಕಲಿಯಲು ಬರುತ್ತಾರೆ. ಅದನ್ನು ಕಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು. (ಹಾಸನದ ಬೇಲೂರಲ್ಲ.)

ಅವರು ಹುಟ್ಟಿದ್ದು 1918ರ ಡಿಸೆಂಬರಿನಲ್ಲಿ, ಇನ್‌ಫ್ಲುಯೆಂಜಾ ಮಹಾಮಾರಿಯ ನಡುವೆ. ತಾಯಿಗೂ ಆ ಜ್ವರ ಬಂದಿತ್ತು. ಮಗು ಸಣಕಲು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಒಂದರ ಹಿಂದೊಂದು. ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ಅಕ್ಕನ ಗಂಡ ಕೃಷ್ಣಮಾಚಾರ್ಯರು ಈ ಹುಡುಗನನ್ನು ಕರೆದುಕೊಂಡು ಆಸನ ಕಲಿಸಿದರು. 1937ರಲ್ಲಿ, ಇನ್ನೂ ಹದಿನೆಂಟರ ಹುಡುಗ, ಯೋಗ ಕಲಿಸಲು ಪುಣೆಗೆ ಬಂದವರು ಅಲ್ಲೇ ನೆಲೆಸಿದರು. 2014ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ.

ಅವರಿಂದ ನಾವು ಕಲಿಯಬೇಕಾದ ಮುಖ್ಯ ಸಂಗತಿ ಇದು: ಆಸನಕ್ಕೆ ದೇಹ ಬಗ್ಗದಿದ್ದರೆ ಒತ್ತಾಯಿಸಬಾರದು, ಆಸರೆ ಕೊಡಬೇಕು. ಕುರ್ಚಿ, ಬೆಲ್ಟು, ಮರದ ತುಂಡು, ದಿಂಬು, ಗೋಡೆ, ಹಗ್ಗ ಇವನ್ನೆಲ್ಲ ಬಳಸಿ ವಯಸ್ಸಾದವರೂ ಮೈ ಬಿಗಿದವರೂ ಮಾಡುವಂತೆ ಅವರು ಯೋಗವನ್ನು ಹೊಂದಿಸಿದರು. ನೀವು ಮಗನ ಮನೆಯಲ್ಲೂ ಮಾಡಬಹುದು. ಗೋಡೆಗೆ ಬೆನ್ನು ತಾಗಿಸಿ ನೇರ ನಿಲ್ಲುವುದು, ಕುರ್ಚಿಯ ಮೇಲೆ ಕುಳಿತು ನಿಧಾನ ಎಡಕ್ಕೆ ಬಲಕ್ಕೆ ತಿರುಗುವುದು, ಕಿಟಕಿಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ದಿನಕ್ಕೆ ಹದಿನೈದು ನಿಮಿಷ ಸಾಕು.

ಗಮನಿಸಿ: ಬಿಪಿ ಹೆಚ್ಚಿರುವವರು, ಗ್ಲಾಕೋಮಾ ಇರುವವರು, ಕತ್ತಿನ ಮೂಳೆ ಸವೆದವರು ಮೊಬೈಲ್ ವಿಡಿಯೋ ನೋಡಿ ಶೀರ್ಷಾಸನ ಮಾಡಲೇಬೇಡಿ. ಸಂಸ್ಥೆಯ ತರಗತಿಗೆ ಸೇರುವ ಆಸೆ ಇದ್ದರೆ ಮುಂಚಿತವಾಗಿ ವಿಚಾರಿಸಿಕೊಂಡು ಹೋಗಿ.

*ಆಗಾ ಖಾನ್ ಅರಮನೆ: ಮೌನವಾಗಿ ನೋಡಬೇಕಾದ ಜಾಗ*

ನಗರ ರಸ್ತೆಯಲ್ಲಿರುವ ಆಗಾ ಖಾನ್ ಅರಮನೆ ದೊಡ್ಡ ತೋಟದ ನಡುವೆ ಇದೆ. ಸಪಾಟು ನೆಲ, ನೆರಳು, ನಡೆಯಲು ಹಿತ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಗಾಂಧೀಜಿ, ಕಸ್ತೂರಬಾ, ಕಾರ್ಯದರ್ಶಿ ಮಹಾದೇವ ದೇಸಾಯಿ ಇವರನ್ನು ಇಲ್ಲಿ ಸೆರೆಯಿಟ್ಟರು. ಬಂದ ಒಂದು ವಾರದೊಳಗೆ, ಆಗಸ್ಟ್ 15ರಂದು, ಮಹಾದೇವ ದೇಸಾಯಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಐವತ್ತು. 1944ರ ಫೆಬ್ರವರಿ 22ರಂದು ಕಸ್ತೂರಬಾ ಕೂಡ ಇಲ್ಲೇ ಕಣ್ಮುಚ್ಚಿದರು. ಇಬ್ಬರ ಸಮಾಧಿಗಳೂ ಆವರಣದಲ್ಲಿವೆ.

ಕಸ್ತೂರಬಾ ಹೃದಯದ ತೊಂದರೆ ಮತ್ತು ನ್ಯುಮೋನಿಯಾದಿಂದ ನರಳುತ್ತಿದ್ದರು. ಆಗ ಪೆನಿಸಿಲಿನ್ ಬಹಳ ಅಪರೂಪದ ಔಷಧ. ಮಗ ದೇವದಾಸ್ ಅದನ್ನು ತರಿಸಿದ್ದರು. ಕೊನೆಯ ಗಳಿಗೆಯಲ್ಲಿ ಪದೇ ಪದೇ ಸೂಜಿ ಚುಚ್ಚುವ ನೋವು ಬೇಡವೆಂದು ಗಾಂಧೀಜಿ ಹೇಳಿದರು. ಇದಾದ ಹತ್ತು ವರ್ಷಕ್ಕೆ, 1954ರಲ್ಲಿ, ಇದೇ ಪುಣೆಯ ಪಿಂಪ್ರಿಯಲ್ಲಿ ಪೆನಿಸಿಲಿನ್ ತಯಾರಿಸಲು ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಅರಮನೆಯಲ್ಲೂ ಸುಲಭಕ್ಕೆ ಸಿಗದಿದ್ದ ಮದ್ದು ಬಡವರ ಕೈಗೂ ಬರತೊಡಗಿತು. ಅದನ್ನು ಇಂದು ನಾವು ನೆಗಡಿಗೂ ನುಂಗಿ ಹಾಳು ಮಾಡುತ್ತಿದ್ದೇವೆ. ಪ್ರವಾಸದ ಚೀಲದಲ್ಲಿ ಹಳೆಯ ಆ್ಯಂಟಿಬಯಾಟಿಕ್ ಇಟ್ಟುಕೊಂಡು ನೀವೇ ವೈದ್ಯರಾಗಬೇಡಿ.

ಇನ್ನೊಂದು ಘಟನೆಯನ್ನೂ ತಿಳಿದಿರಿ. ಗಾಂಧೀಜಿ ಪ್ರಕೃತಿ ಚಿಕಿತ್ಸೆಯ ದೊಡ್ಡ ಅಭಿಮಾನಿ. ಪುಣೆಯಲ್ಲಿ ಡಾಕ್ಟರ್ ದಿನ್‌ಶಾ ಮೆಹ್ತಾ ಅವರ ಪ್ರಕೃತಿ ಚಿಕಿತ್ಸಾಲಯದಲ್ಲಿ ತಂಗುತ್ತಿದ್ದರು. ಇಂದು ಅದೇ ಜಾಗ, ‘ಬಾಪು ಭವನ’, ಕೇಂದ್ರ ಸರ್ಕಾರದ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆ. 1946ರಲ್ಲಿ ಪುಣೆ ಸಮೀಪದ ಉರುಳಿಕಾಂಚನದಲ್ಲಿ ಹಳ್ಳಿಯವರಿಗಾಗಿ ಪ್ರಕೃತಿ ಚಿಕಿತ್ಸೆಯ ಆಶ್ರಮವನ್ನೂ ಆರಂಭಿಸಿದರು, ಅದೂ ಈಗ ನಡೆಯುತ್ತಿದೆ. ಆದರೆ 1924ರ ಜನವರಿಯಲ್ಲಿ ಯರವಡಾ ಜೈಲಿನಲ್ಲಿದ್ದಾಗ ಅಪೆಂಡಿಸೈಟಿಸ್ ಆದಾಗ ಇದೇ ಗಾಂಧೀಜಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಅವರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನಡುವೆ ಕರೆಂಟು ಹೋಗಿ ಲಾಟೀನು ಬೆಳಕಿನಲ್ಲಿ ಮುಗಿಸಬೇಕಾಯಿತು.

ಮಣ್ಣಿನ ಪಟ್ಟಿ, ಉಪವಾಸ, ಎಣ್ಣೆಸ್ನಾನ, ಹಿತಮಿತ ಊಟ ಇವುಗಳಿಂದ ದೇಹ ಹಗುರಾಗುತ್ತದೆ, ನಿಜ. ಆದರೆ ಹೊಟ್ಟೆಯ ಬಲಭಾಗದ ಕೆಳಗೆ ತಡೆಯಲಾರದ ನೋವು, ಎದೆನೋವು, ಮಾತು ತೊದಲುವುದು, ಬಾಯಿ ಒಂದು ಕಡೆ ಸೊಟ್ಟಗಾಗುವುದು ಇವಕ್ಕೆ ಮನೆಮದ್ದಿಲ್ಲ. ಬಾಪು ಕೂಡ ಆಸ್ಪತ್ರೆಗೆ ಹೋದರು. ನೀವೂ ತಡಮಾಡಬೇಡಿ.

*ವಿಠಲನ ದಾರಿಯಲ್ಲಿ ನಾಲ್ಕು ಹೆಜ್ಜೆ*

ಆಷಾಢ ಏಕಾದಶಿಗೆ ಮುಂಚೆ ಪುಣೆಗೆ ಹೋದರೆ ನೀವು ಭಾಗ್ಯವಂತರು. ಆಳಂದಿಯಿಂದ ಜ್ಞಾನೇಶ್ವರರ, ದೇಹೂವಿನಿಂದ ತುಕಾರಾಮರ ಪಾಲಕಿಗಳು ಪುಣೆ ಹಾಯ್ದು ಪಂಢರಪುರಕ್ಕೆ ಹೊರಡುತ್ತವೆ. ಲಕ್ಷಾಂತರ ವಾರಕರಿಗಳು ಸುಮಾರು 250 ಕಿಲೋಮೀಟರ್ ದಾರಿಯನ್ನು ತಾಳ ಹಾಕುತ್ತಾ ನಡೆಯುತ್ತಾರೆ. ನಮ್ಮ ದಾಸರು ಹಾಡಿದ ವಿಠಲ ಇವನೇ. ಪಂಢರಪುರದ ಗುಡಿಯಲ್ಲಿ ಹೊಯ್ಸಳ ಸೋಮೇಶ್ವರನ ದತ್ತಿ ಹೇಳುವ 1237ರ ಶಾಸನವಿದೆ.

ಪೂರ್ತಿ ವಾರಿ ಎಲ್ಲರಿಗೂ ಆಗದು. ಪಾಲಕಿ ಪುಣೆಯಲ್ಲಿ ಇರುವಾಗ ಮನೆಯವರೊಂದಿಗೆ ಅರ್ಧ ಗಂಟೆ ಜೊತೆಯಾಗಿ ನಡೆಯಿರಿ. ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ನಡೆಯಲೇಬಾರದು. ಪಾದದ ಸ್ಪರ್ಶ ಮಂದವಾಗಿದ್ದರೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಹತ್ತಿಯ ಕಾಲುಚೀಲ, ಹಳೆಯ ಹೊಂದಿಕೊಂಡ ಬೂಟು ಹಾಕಿ. ರಾತ್ರಿ ಪಾದ ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಗುಳ್ಳೆ ಬಂದರೆ ಒಡೆಯಬೇಡಿ.

*ಏನು ತಿನ್ನಬೇಕು?*

ಝುಣಕಾ-ಭಾಕರಿ ಎಂದರೆ ನಮ್ಮ ಜುಣಕ ಮತ್ತು ಜೋಳದ ರೊಟ್ಟಿ. ಸಿಂಹಗಡದ ಮೇಲೆ ಪಿಠಲಾ-ಭಾಕರಿ, ಮಣ್ಣಿನ ಕುಡಿಕೆಯ ಮೊಸರು ಸಿಗುತ್ತದೆ, ಧಾರಾಳವಾಗಿ ತಿನ್ನಿ. ಥಾಲಿಪೀಠ, ಮೊಳಕೆ ಕಾಳಿನ ಉಸಳ, ಕೋಸಂಬರಿಯಂತಹ ಕೋಶಿಂಬಿರ್ ಕೂಡ ಒಳ್ಳೆಯವು. ಮಿಸಳ ರುಚಿ ನೋಡಿ, ಆದರೆ ಮೇಲೆ ತೇಲುವ ಎಣ್ಣೆಯ ‘ತರ್ರಿ’ ಕಡಿಮೆ ಹಾಕಿಸಿಕೊಳ್ಳಿ. ಐಸ್‌ಕ್ರೀಮ್ ತುಂಬಿದ ಮಸ್ತಾನಿ, ಬಾಕರವಡಿ, ಬೆಣ್ಣೆ ಬಿಸ್ಕತ್ತು ಪುಣೆಯ ಹೆಮ್ಮೆ. ಶುಗರ್ ಇದ್ದವರು ಒಂದು ಲೋಟ ಮಸ್ತಾನಿಯನ್ನು ಮೊಮ್ಮಗುವಿನ ಜೊತೆ ಹಂಚಿಕೊಂಡು ಎರಡು ಚಮಚ ತಿಂದು ಸುಮ್ಮನಾಗಿ.

ಹೊಟ್ಟೆ ಕೆಟ್ಟರೆ ಮೊದಲ ಔಷಧ ಓಆರ್‌ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಮಲದಲ್ಲಿ ರಕ್ತ, ಹೆಚ್ಚು ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ ವೈದ್ಯರ ಬಳಿ ಹೋಗಿ.

*ಮನಸ್ಸಿಗೂ ಮದ್ದು ಬೇಕು*

ಹಿರಿಯರ ಒಂಟಿತನ ಮಾತ್ರೆಯಿಂದ ಹೋಗದು. ಅದಕ್ಕೂ ಪುಣೆಯಲ್ಲಿ ದಾರಿಯಿದೆ. ಗದಗ ಸೀಮೆಯ ಭೀಮಸೇನ ಜೋಶಿಯವರು ತಮ್ಮ ಗುರು ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಆರಂಭಿಸಿದ ಸಂಗೀತೋತ್ಸವ ಡಿಸೆಂಬರಿನಲ್ಲಿ ನಡೆಯುತ್ತದೆ. ನಮ್ಮ ಮಣ್ಣಿನ ಸ್ವರಕ್ಕೆ ಪುಣೆ ತಲೆದೂಗುವುದನ್ನು ಒಮ್ಮೆ ಕಣ್ಣಾರೆ ನೋಡಿ. ಶಾಲು ಒಯ್ಯಿರಿ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ಪುಣೆಯಲ್ಲಿ ಕನ್ನಡ ಸಂಘವಿದೆ, ಅದು ನಡೆಸುವ ಕಾವೇರಿ ಶಾಲೆ-ಕಾಲೇಜುಗಳಿವೆ. ಅಲ್ಲಿನ ಕಾರ್ಯಕ್ರಮಗಳನ್ನು ವಿಚಾರಿಸಿ ಹೋಗಿ. ವಾರಕ್ಕೆ ಒಮ್ಮೆ ಬಾಯಿತುಂಬ ಕನ್ನಡ ಮಾತನಾಡಿದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

*ಹೊರಡುವ ಮುನ್ನ*

✅ ಬಿಪಿ, ಶುಗರ್ ಮಾತ್ರೆಗಳನ್ನು ಇರುವ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ ಒಯ್ಯಿರಿ. ವೈದ್ಯರ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ.
✅ ಇನ್ಸುಲಿನ್ ಕೈಚೀಲದಲ್ಲಿರಲಿ. ಬಸ್ಸಿನ ಡಿಕ್ಕಿಯ ಬಿಸಿಗೆ ಕೆಡುತ್ತದೆ.
✅ ಬಸ್ಸು, ರೈಲಿನಲ್ಲಿ ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಿ. ಒಂದೇ ಕಾಲು ಊದಿ ನೋವಾದರೆ ತೋರಿಸಿ.
✅ ಶುಗರ್ ಇದ್ದವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಿ. ಕೈನಡುಕ, ಬೆವರು, ತಲೆಸುತ್ತು ಬಂದರೆ ಮೂರು ಟೀ ಚಮಚ ತಿಂದು ಕೂರಿ.
✅ ಮಗನ ಮನೆಯ ವಿಳಾಸ, ಫೋನ್ ನಂಬರ್ ಬರೆದ ಚೀಟಿ ಕಿಸೆಯಲ್ಲಿರಲಿ.

ಮಕ್ಕಳಿಗೂ ಒಂದು ಮಾತು. ಅಪ್ಪ-ಅಮ್ಮ ಬಂದ ಮೊದಲ ಭಾನುವಾರ ಮಾಲ್‌ಗೆ ಕರೆದೊಯ್ಯುವ ಬದಲು ಹತ್ತಿರದ ಟೇಕಡಿಯ ದಾರಿ ತೋರಿಸಿ. ಲಿಫ್ಟ್ ಒತ್ತುವುದು, ಆಟೋ ಹಿಡಿಯುವುದು, ಮನೆಗೆ ಮರಳುವುದು ಒಮ್ಮೆ ಕಲಿಸಿಕೊಡಿ. ಸೋಮವಾರದಿಂದ ಅವರು ತಾವೇ ಹೋಗುತ್ತಾರೆ.

ದಿನಕ್ಕೆ ಮೂವತ್ತು ನಿಮಿಷ ನಡೆಯಿರಿ. ಶುಗರ್ ಹಿಡಿತಕ್ಕೆ ಬರುತ್ತದೆ, ಮೊಣಕಾಲು ಸಡಿಲಾಗುತ್ತದೆ, ಊರು ನಿಮ್ಮದಾಗುತ್ತದೆ.

ಆರೋಗ್ಯವೇ ಭಾಗ್ಯ. 🙏 ಪುಣೆಯಲ್ಲಿ ಮಕ್ಕಳಿರುವ ನಿಮ್ಮ ಬಂಧುಗಳಿಗೆ, ಬೀಗರಿಗೆ, ಗೆಳೆಯರಿಗೆ ಇದನ್ನು ತಪ್ಪದೆ ಕಳುಹಿಸಿ.